ಅಕ್ಷತೆ ಗಾಳಿಯಲ್ಲಿ ನಿಂತಾಗ

ಜನವರಿ ೧೮, ಭಾನುವಾರ. ಪಿರಿಯಾಪಟ್ಟಣ.

ಹಾಳಾದ ಕಂಪ್ಯೂಟರ್ ಇವತ್ತೂ ಅಲ್ಲೇ ನಿಂತುಹೋಯಿತು. ತಂಗಿ ಪುಷ್ಪಾಳ ಮದುವೆ ವಿಡಿಯೋ ಎಡಿಟ್ ಮಾಡುವಾಗ ಪ್ರತಿಸಲವೂ ಇದೇ ಜಾಗ: ಅಪ್ಪ ಅಕ್ಷತೆ ಹಾಕಲು ಕೈ ಎತ್ತಿದ್ದಾರೆ, ಅಕ್ಕಿಕಾಳುಗಳು ಗಾಳಿಯಲ್ಲಿ ತೇಲುತ್ತಿವೆ. ರಿಸ್ಟಾರ್ಟ್ ಮಾಡುವುದನ್ನೂ ಮರೆತು ನೋಡುತ್ತ ಕೂತುಬಿಡುತ್ತೇನೆ.

ಬಿಸಿಯಾಗುತ್ತಿರಬೇಕೆಂದು ಸಂಜೆ ಸಿಪಿಯು ಬಿಚ್ಚಿದೆ. ಫ್ಯಾನಿನ ಸಂದಿಯಲ್ಲಿ ಒಣಗಿದ ಚೆಂಡು ಹೂವಿನ ಎಸಳುಗಳು. ಆಯುಧಪೂಜೆಯ ದಿನ ಅಪ್ಪ ಇಟ್ಟಿದ್ದ ಹೂವು.

"ಇದೂ ದುಡಿಯೋದೇ ಕಣವ್ವ, ಇದ್ಕೂ ಒಂದ್ ಹೂ ಇರ್ಲಿ" ಅಂದಿದ್ದರು. ದೀಪಾವಳಿ ಹೊತ್ತಿಗೆ ಅವರಿರಲಿಲ್ಲ.

ಎಸಳು ತೆಗೆದು ಮತ್ತೆ ಓಡಿಸಿದೆ. ಎಲ್ಲೂ ನಿಲ್ಲಲಿಲ್ಲ. ಅಕ್ಷತೆ ಪುಷ್ಪಾಳ ತಲೆಯ ಮೇಲೆ ಬಿತ್ತು, ಅಪ್ಪ ಪಕ್ಕಕ್ಕೆ ಸರಿದು ಹೊರಟುಹೋದರು.

ಎಸಳುಗಳು ಇನ್ನೂ ಮೇಜಿನ ಮೇಲೇ ಇವೆ. ವಾಪಸ್ ಹಾಕಿಬಿಟ್ಟರೆ...