ಅವರ ಬಳಿ ಯಾವುದು?

ಜಯಪ್ರಕಾಶ,

ಇದು ನಿನ್ನ ಕೈಗೆ ಬರುದಿಲ್ಲ, ಹೆದರಬೇಡ.

ಅನಾಥ ಹುಡುಗ ಬೆಳೆದು ದೊಡ್ಡವನಾಗುವ ಆ ದಪ್ಪ ಇಂಗ್ಲಿಷ್ ಕಾದಂಬರಿಯನ್ನು ನನಗೆ ಓದಿಸಿದ್ದು ನೀನೇ. ಇವತ್ತು ಸುಳ್ಯದ ನಮ್ಮ ಓದುಗರ ಕೂಟದಲ್ಲಿ ಅದರದ್ದೇ ಚರ್ಚೆ. ಉದ್ದಕ್ಕೂ 'ತಂಗಿ' ಎಂದವಳನ್ನೇ ಅವನು ಕೊನೆಗೆ ಮದುವೆಯಾಗುದು ಎಲ್ಲರಿಗೂ ಹಿಡಿಸಿತ್ತು. ಮಂಡೆಕೋಲಿನ ತಿಮ್ಮಕ್ಕ ಮಾತ್ರ, "ತಂಗಿಯನ್ನು ಮದುವೆ ಆಗುದು ಎಂತ ಮಾರಾಯ್ರೆ? ಅವರ ಬಳಿ ಯಾವುದು?" ಎಂದರು. ಗೋತ್ರದ ಹಾಗೆ ಬಳಿ ನೋಡುದು ನಾವು, ಇಂಗ್ಲೆಂಡಿನವರಿಗೆ ಎಂತ ಬಳಿ ಎಂದು ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. "ನಮ್ಮದು ಒಂದೇ ಬಳಿ, ಮದುವೆ ಆಗುವ ಹಾಗಿಲ್ಲ, ನೀನು ನನಗೆ ತಂಗಿ" ಎಂದು ತಾನೇ ನೀನು ಕೈಬಿಟ್ಟದ್ದು? ನಮ್ಮ ವಿಷಯ ಮನೆಯಲ್ಲಿ ತಿಳಿದೀತೆಂದು ಆಗ ನಾನು ಯಾರನ್ನೂ ಕೇಳಲಿಲ್ಲ. ಇವತ್ತು ಚಾ ಕುಡಿಯುವಾಗ ನಿನ್ನ ಅಪ್ಪನ ಹೆಸರು ಹೇಳಿ, ನಿಮ್ಮ ಬಳಿ ಯಾವುದೆಂದು ತಿಮ್ಮಕ್ಕನನ್ನು ಕೇಳಿದೆ.

"ಕಡಬದ ಬೋಜಪ್ಪಣ್ಣನ ಮನೆಯವರಾ? ಅವರ ಬಳಿ ಬೇರೆ, ನಿಮ್ಮದು ಬೇರೆ. ಹೆಣ್ಣು ಕೊಟ್ಟು ತರುವ ಸಂಬಂಧವೇ ಉಂಟಲ್ಲ!"

ಮದುಮಗಳು ಮನೆಹೊಗುವಾಗ ಮದುಮಗನ ತಂಗಿ ಬಾಗಿಲು ತಡೆಯಬೇಕು. ನಿನ್ನ ಮದುವೆಯಲ್ಲಿ ನೀನು ಅಲ್ಲಿ ನಿಲ್ಲಿಸಿದ್ದು ನನ್ನನ್ನು. "ಹುಟ್ಟುವ ಮಗಳನ್ನು ನನ್ನ ಮಗನಿಗೆ ಕೊಡ್ತೀಯಾ?" ಎಂದು ನಾನು ಪದ್ಧತಿಯಂತೆ ಕೇಳಿದೆ. ನೀನು "ಕೊಡ್ತೇನೆ" ಎಂದೆ. ನಾನು ನಕ್ಕು ದಾರಿ ಬಿಟ್ಟೆ.

ನಿನ್ನ ಮಗಳಿಗೆ ಈಗ ಗಂಡು ನೋಡುತ್ತಿದ್ದೀರಂತೆ. ಬಂದು ಕೇಳಲಿಕ್ಕೆ ನನಗೆ ಮಗನಿಲ್ಲ.