ಕೋರಂ ಇಲ್ಲದ ಸಭೆ

ಜೂನ್ 14, ಶನಿವಾರ

ಪ್ರೀತಿಯ ಅಕ್ಕ,

ನಿನ್ನೆ ನೀನು ಬಾಗಿಲು ತೆಗೆಯಲಿಲ್ಲ. ಒಳಗಿನಿಂದಲೇ, "ದುಡ್ಡು ಇತ್ತೋ ಇಲ್ವೋ, ಅಷ್ಟು ಹೇಳಿ ಹೋಗು," ಅಂದೆ. ಹನ್ನೊಂದು ವರ್ಷ ಸಂಘದ ಖಜಾಂಚಿಯಾಗಿ ಲೆಕ್ಕ ಒಪ್ಪಿಸಿದ ನಾನು ಚಪ್ಪಲಿ ಮೆಟ್ಟಿ ವಾಪಸು ಹೊರಟುಬಂದೆ. ಈಗ ಹೇಳುತ್ತೇನೆ: ಇತ್ತು. ಕಾಯಿಲೆ ಬಿದ್ದ ಲೇಖಕರಿಗೆಂದೇ ತೆಗೆದಿಟ್ಟ ನಿಧಿಯಲ್ಲಿ ಒಂದು ಲಕ್ಷ ನಲವತ್ತು ಸಾವಿರ. ಭಾವನ ಆಪರೇಶನ್ನಿಗೆ ಬೇಕಿದ್ದದ್ದು ತೊಂಬತ್ತು.

ನಮ್ಮ ಲೇಖಕರ ಸಂಘವೆಂದರೆ ಪ್ರೆಸ್ಸಿನ ಮೇಲಿನ ಒಂದು ಕೋಣೆ, ಒಂಬತ್ತು ಜನರ ಸಮಿತಿ. ಐದು ಜನ ಕೂತರೆ ಕೋರಂ. ಇಲ್ಲದಿದ್ದರೆ ಒಂದು ಕಾಸೂ ಅಲುಗುವುದಿಲ್ಲ. ಭಾವನ ಅರ್ಜಿಗಾಗಿ ಮೂರು ಸಭೆ ಕರೆದೆವು. ಮೊದಲನೆಯದಕ್ಕೆ ಮೂವರು ಬಂದರು. ಎರಡನೆಯ ದಿನ ಯಾರದೋ ಪುಸ್ತಕ ಬಿಡುಗಡೆ. ಮಹನೀಯರೆಲ್ಲ ಅಲ್ಲಿ ಮುಂದಿನ ಸಾಲಿನಲ್ಲಿದ್ದರು. ಮೂರನೆಯದರಲ್ಲೂ ನಾಲ್ವರೇ, ಅಧ್ಯಕ್ಷರು ಗಡಿಯಾರ ನೋಡಿ ಮುಂದೂಡಿದರು. ಮರುದಿನ ಭಾವ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, "ಸಂಘ ಕಟ್ಟಿದ್ದು ನಾವೇ ಅಲ್ವೇನಯ್ಯಾ, ಸ್ವಲ್ಪ ಬೇಗ ಸೇರೋಕೆ ಹೇಳು," ಎಂದು ನಕ್ಕರು. ನಾನೂ ನಕ್ಕೆ. ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ನಾಲ್ಕನೆಯ ಸಭೆಯ ನೋಟೀಸು ಅಂಚೆಯಲ್ಲಿದ್ದಾಗಲೇ ಅವರು ಹೋಗಿಬಿಟ್ಟರು.

ಸಂತಾಪ ಸಭೆಗೆ ಒಂಬತ್ತೂ ಜನ ಹಾಜರು! ಕುರ್ಚಿ ಸಾಲದೆ ಪ್ರೆಸ್ಸಿನಿಂದ ಸ್ಟೂಲು ತರಿಸಬೇಕಾಯಿತು. ಸ್ಮರಣ ಸಂಚಿಕೆ, ಹಾಲ್ ಬಾಡಿಗೆ, ಫೋಟೊ, ಎಲ್ಲಕ್ಕೂ ಅದೇ ನಿಧಿಯಿಂದ ಮಂಜೂರು. ಹತ್ತು ನಿಮಿಷವೂ ಹಿಡಿಯಲಿಲ್ಲ. "ದುಡ್ಡಿನ ಮುಖ ನೋಡ್ಬೇಡಿ, ಫೋಟೊ ದೊಡ್ಡದೇ ಇರ್ಲಿ," ಅಂದರು ಅಧ್ಯಕ್ಷರು. ಚೆಕ್ಕಿಗೆ ಸಹಿ ಹಾಕಿದವನು ನಾನೇ. ತಾರೀಖನ್ನೂ ತಪ್ಪಿಲ್ಲದೆ ಬರೆದೆ ಅಕ್ಕಾ, ಅಭ್ಯಾಸಬಲ.

ಸಂಚಿಕೆಗೆ ನಿನ್ನಿಂದ ಎರಡು ಪುಟ ಬರೆಸಿಕೊಂಡು ಬಾ ಎಂದು ನನ್ನನ್ನು ಅಟ್ಟಿದ್ದರು. ನಿನ್ನೆ ಬಂದದ್ದು ಅದಕ್ಕೇ. ದಯವಿಟ್ಟು ಬರೆಯಬೇಡ. ನಾನು ರಾಜೀನಾಮೆ ಕೊಟ್ಟಿದ್ದೇನೆ. ಅದನ್ನು ಒಪ್ಪಲೂ ಸಭೆ ಸೇರಬೇಕಂತೆ.

ಕ್ಷಮೆ ಕೇಳುವ ಮುಖವಿಲ್ಲದ,
ನಿನ್ನ ತಮ್ಮ

ತಾ.ಕ.: ಮೂರನೆಯ ಸಭೆಗೆ ಬಂದವರು ನಾಲ್ವರಲ್ಲ, ಐವರು. ಐದನೆಯವನು ನಾನು. ಅರ್ಜಿ ಎತ್ತಿಕೊಂಡಾಗ, ಅಕ್ಕನ ಗಂಡನಿಗೆ ಕೊಡಿಸಿದ ಎಂಬ ಮಾತು ಬರಬಾರದೆಂದು ಎದ್ದು ಹೊರಗೆ ಹೋಗಿ ನಿಂತೆ. ಯಾರೂ ಹೋಗು ಅಂದಿರಲಿಲ್ಲ. ಅಧ್ಯಕ್ಷರು ತಲೆ ಎಣಿಸಿ ಕೋರಂ ಇಲ್ಲ ಅಂದದ್ದು ಬಾಗಿಲಾಚೆ ನನಗೆ ಕೇಳಿಸಿತು. ಆಗಲೂ ನಾನು ಒಳಗೆ ಹೋಗಲಿಲ್ಲ.