ಕಾಲು ಬಂದ ಪ್ರಯಾಣಿಕರು

ವಾಡಿ,
೧೨ ಜನವರಿ ೨೦೨೫

ಪ್ರೀತಿಯ ಲುಂಬಿನಿ ಅಕ್ಕನಿಗೆ ತಮ್ಮನ ಜೈಭೀಮ್.

ಬರೋಡಾದ ಚಳಿಯಲ್ಲಿ ನಿನ್ನ ಕೆಮ್ಮು ಹೇಗಿದೆ? ಅವ್ವನ ಮೊಣಕಾಲು ಅವಳ ನಾಲಿಗೆಯಷ್ಟು ಚುರುಕಾಗಿಲ್ಲ ಎಂಬುದನ್ನು ಬಿಟ್ಟರೆ ನಾವು ಕ್ಷೇಮ. ಅಪ್ಪ ತೀರಿಕೊಂಡ ಮೇಲೆ ನೀನು ಈ ಕಡೆ ತಲೆ ಹಾಕಿಲ್ಲವೆಂದು ಅವಳ ದೂರು ಇದ್ದೇ ಇದೆ. ‘ಬರಲು ಪುರಸೊತ್ತಿಲ್ಲ, ಚಿತ್ರ ಪ್ರದರ್ಶನಕ್ಕೆ ನನ್ನ ಹಳೆಯ ಸ್ಕೆಚ್‌ಬುಕ್ಕುಗಳನ್ನು ಕೊರಿಯರ್ ಮಾಡು’ ಎಂದು ಅಪ್ಪಣೆ ಕೊಡಿಸಿದೆಯಲ್ಲ, ಆ ಕುರಿತು ಗಂಭೀರ ವರದಿ ಸಲ್ಲಿಸುತ್ತಿದ್ದೇನೆ. ಕೂತು ಓದು.

ಟ್ರಂಕು ತೆರೆದರೆ ಇಡೀ ವಾಡಿ ಜಂಕ್ಷನ್ನೇ ಹೊರಬಂತು. ರೈಲು ತಡವಾದಷ್ಟೂ ನಿನಗೆ ಹಬ್ಬ. ತೂಕಡಿಸುವವರು, ಶಹಾಬಾದಿನ ಕಲ್ಲುಗಣಿಗೆ ಹೊರಟವರು, ಬುಟ್ಟಿ ಬಿಟ್ಟೇಳದ ಹಣ್ಣಿನ ಜೈತುನ್ಬೀ, ಎಲ್ಲರನ್ನೂ ತಲೆಯಿಂದ ಬಿಡಿಸಲು ಶುರು ಮಾಡುತ್ತಿದ್ದೆ. ಸೊಂಟಕ್ಕೆ ಬರುವಷ್ಟರಲ್ಲಿ ಗಾಡಿ ಬಂದು ಅವರು ಎದ್ದು ಓಡುತ್ತಿದ್ದರು. “ಪೂರಾ ಮಾಡಕ್ಕಾ” ಎಂದರೆ, “ಇದು ಚಿತ್ರ ಅಲ್ಲಲೇ, ಕಣ್ಣಿನ ತಾಲೀಮು” ಎಂದು ಪೆನ್ಸಿಲಿನಿಂದ ನನ್ನ ತಲೆ ಕುಟ್ಟುತ್ತಿದ್ದೆ. ನಿನ್ನ ದೊಡ್ಡ ಚಿತ್ರಗಳ ಮಂದಿಯೆಲ್ಲ ಈ ಬೆಂಚುಗಳಿಂದಲೇ ಎದ್ದು ಹೋದವರೆಂದು ಈಗ ಹೊಳೆಯಿತು.

ಇನ್ನು ದುರಂತದ ಭಾಗ. ಪುಟ ತಿರುವಿದ ಅವ್ವ ಕಂಗಾಲಾದಳು: “ಒಬ್ಬರಿಗೂ ಕಾಲಿಲ್ಲಲ್ಲೋ! ಅಷ್ಟು ದೂರದ ಊರಿಗೆ ಮಂದೀನ ಹಿಂಗ ಕಳಸ್ತಾರೇನು?” ನಾನು ಸಂತೆಗೆ ಹೋಗಿ ಬರುವುದರೊಳಗೆ ಅಂಗಡಿ ಬೋರ್ಡು ಬರೆಯುವ ನಬೀಸಾಬ್ ಕಾಕಾ ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕಾಲು ಹಂಚುತ್ತಿದ್ದರು. ಕೂತವರಿಗೂ ನಿಂತ ಕಾಲು. ಜೈತುನ್ಬೀಗೆ ಪೊಲೀಸರ ಬೂಟು. “ಅನಸುಬಾಯಿ, ಚಪ್ಪಲ್ ಫ್ರೀ ಹಾಕೀನ್ರಿ, ಭಾಳ ಛಲೋ ಕಾಣ್ಲಿಕತ್ತಾವ” ಎಂದು ಅವ್ವನೆದುರು ಹೆಮ್ಮೆ ಬೇರೆ.

ಬೈಯಬೇಡ. ಪಾರ್ಸಲ್ ಹೊರಟಾಗಿದೆ. ಯಾರಾದರೂ ಕೇಳಿದರೆ ಇದು ವಾಡಿ ಶೈಲಿ ಎಂದುಬಿಡು, ಬರೋಡಾದವರು ತಲೆಯಾಡಿಸುತ್ತಾರೆ.

ಅವ್ವ ನಿನಗೆ ಆಶೀರ್ವಾದವನ್ನೂ ನಿನ್ನ ಕೆಮ್ಮಿಗೆ ಬೈಗುಳವನ್ನೂ ಹೇಳಿದ್ದಾಳೆ.

ನಿನ್ನ ತಮ್ಮ,
ರತ್ನದೀಪ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ಪಾರ್ಸಲ್‌ನಲ್ಲಿ ಒಂದು ಬುಕ್ಕು ಕಡಿಮೆಯಿದೆ. ಅದರಲ್ಲಿ ಅಪ್ಪ ಇದ್ದಾರೆ, ನಿನ್ನನ್ನು ಬರೋಡಾಕ್ಕೆ ಕಳಿಸಲು ಸ್ಟೇಶನ್ನಿಗೆ ಬಂದ ದಿನದ್ದು. ಮುಖದಲ್ಲಿ ಹಣೆ, ಕಣ್ಣು ಅಷ್ಟೇ, ಗಾಡಿ ಬಂದುಬಿಟ್ಟಿತ್ತು, ಬುಕ್ಕು ನನ್ನ ಕೈಗೆ ತುರುಕಿ ನೀನು ಹತ್ತಿದ್ದೆ. ಕಾಕಾ ಬ್ರಷ್ ಎತ್ತಿದ ಕೂಡಲೇ ಅವ್ವ ಕಸಿದುಕೊಂಡಳು: “ಅವರ ಮಾರಿ ಅಕೀನೇ ಬಂದು ಮುಗಸ್ಲಿ.” ಗೋಡೆಯ ಫೋಟೋ ತೋರಿಸಿದರೆ, “ಅದು ಫೋಟೋಕ್ಕ ಕುಂತ ಮಾರಿ, ಅವರದಲ್ಲ” ಎನ್ನುತ್ತಾಳೆ. ನಿನ್ನೆ ನನ್ನನ್ನು ಕೇಳಿದಳು, ನಕ್ಕರೆ ಅಪ್ಪನ ಬಾಯಿ ಯಾವ ಕಡೆ ವಾಲುತ್ತಿತ್ತು ಎಂದು. ನನಗೂ ನೆನಪಿಲ್ಲ. ಬೇಗ ಬಾ ಅಕ್ಕಾ.